ವಿಶ್ರಾಂತಿಯ ಕೂಲಿ

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ ಲೋಲಾಕ್ಷಿ ಟೀಚರ್ ನಫೀಸಮ್ಮನ ಮನೆಗೆ ಬಂದರು. ಲೋಲಾಕ್ಷಿ ಸಜಿಪದ ಆ ಭಾಗದ ಅಂಗನವಾಡಿ ಕಾರ್ಯಕರ್ತೆ. ಇಪ್ಪತ್ತೆರಡು ವರ್ಷಗಳಿಂದ ಅದೇ ಅಂಗನವಾಡಿಯಲ್ಲಿ ಇದ್ದುದರಿಂದ ಊರಿನಲ್ಲಿ ಮೀಸೆ ಬಂದವರಿಗೂ ಅವರು ಟೀಚರೇ. ಅಂಗಳದಲ್ಲಿ ಚಪ್ಪಲಿ ಕಳಚುತ್ತಲೇ ಅವರು ಕೂಗಿದರು: "ಹಫ್ಸ, ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್ ಮೂರೂ ತಾ. ಇವತ್ತೇ ಅರ್ಜಿ ಹಾಕಿ ಬಿಡುವ."

ಹಫ್ಸ ನಫೀಸಮ್ಮನ ಸೊಸೆ. ಇಪ್ಪತ್ತನಾಲ್ಕು ವರ್ಷ. ಆಗ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು. ಅವಳ ತಾಯಿ ತೀರಿಹೋಗಿ ಆರು ವರ್ಷವಾಗಿದ್ದರಿಂದ ಚೊಚ್ಚಲ ಹೆರಿಗೆಗೆ ಬೆಳುವಾಯಿಯ ತವರಿಗೆ ಹೋಗುವ ಮಾತೇ ಇರಲಿಲ್ಲ. ಬಿ.ಸಿ. ರೋಡಿನ ಬಸ್ ನಿಲ್ದಾಣದ ಹಿಂದೆ, ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಝುಬೈರ್ ಎಂಬವರು ಐದು ಮೆಷಿನ್ ಇಟ್ಟುಕೊಂಡು ಶಾಲೆಗಳ ಯೂನಿಫಾರ್ಮ್ ಹೊಲಿಸುತ್ತಿದ್ದರು. ಆ ಐದರಲ್ಲಿ ಕಿಟಕಿಯ ಪಕ್ಕದ್ದು ಹಫ್ಸಳ ಮೆಷಿನ್. ಶುಕ್ರವಾರ ಅಂಗಡಿಗೆ ರಜೆ.

"ಮಾತೃವಂದನಾ ಅಂತ ಯೋಜನೆ ಉಂಟು," ಎಂದು ಲೋಲಾಕ್ಷಿ ಜಗಲಿಯಲ್ಲಿ ಕುಳಿತು ಬೆವರು ಒರೆಸಿಕೊಂಡರು. "ಮೊದಲ ಹೆರಿಗೆಗೆ ಐದು ಸಾವಿರ ಬರ್ತದೆ. ಎರಡು ಕಂತಿನಲ್ಲಿ."

"ಅದು ಬೇಡ ಟೀಚರ್," ಎಂದಳು ನಫೀಸಮ್ಮ. "ಇಲ್ಲದವರಿಗೆ ಕೊಡಿ."

ಅವಳು ಗೋಡೆಗೆ ಒರಗಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಿರಲಿಲ್ಲ. ಅರುವತ್ತೆರಡು ವರ್ಷದ ಸಣ್ಣ ದೇಹದ ಹೆಂಗಸು. ಎಂಟನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತಾ ಬಂದವಳು. ಕಟ್ಟಿದ ಬೀಡಿ ಒಪ್ಪಿಸಿ ಕೂಲಿ ಪಡೆಯುವ ಕಂಪೆನಿಯ ಬ್ರಾಂಚಿನಲ್ಲಿ ಉಳಿದವರ ಕಟ್ಟುಗಳನ್ನು ಬಿಚ್ಚಿ ನೋಡಿ ಕಳಪೆ ಬೀಡಿಗಳನ್ನು ಪಕ್ಕಕ್ಕೆ ತೆಗೆಯುತ್ತಿದ್ದರು. ನಫೀಸಮ್ಮನ ಕಟ್ಟನ್ನು ಮಾತ್ರ ಬಿಚ್ಚದೆ ಹಾಗೆಯೇ ತೆಗೆದಿಡುತ್ತಿದ್ದರು.

ಹಫ್ಸಳಿಗೆ ಆ ಉತ್ತರ ಕೇಳಿ ಆಶ್ಚರ್ಯವಾಗಲಿಲ್ಲ. ಹಿಂದಿನ ವರ್ಷ ನೇತ್ರಾವತಿ ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಯಾರೋ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ತಂದುಕೊಟ್ಟಿದ್ದರು. ನೀರು ನಮ್ಮ ಅಂಗಳದವರೆಗೆ ಬಂತು, ಒಳಗೆ ಬರಲಿಲ್ಲ ಎಂದು ಹೇಳಿ ನಫೀಸಮ್ಮ ಅದನ್ನು ಮುಟ್ಟದೆ ಕೆಳಗಿನ ಮನೆಗೆ ಕಳುಹಿಸಿದ್ದಳು. ದುಡಿಯದೆ ಬಂದದ್ದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಇದು ಧರ್ಮಕ್ಕೆ ಕೊಡುವುದಲ್ಲ ನಫೀಸಮ್ಮ. ಹಾಗಂತ ಇದರಲ್ಲೇ ಬರೆದಿದೆ. ಓದ್ತೇನೆ, ಕೇಳಿ." ಲೋಲಾಕ್ಷಿ ಚೀಲದಿಂದ ಮಡಚಿದ ಒಂದು ಕಾಗದ ತೆಗೆದರು. ಮಕ್ಕಳಿಗೆ ಪಾಠ ಓದುವ ಹಾಗೆ ನಿಧಾನವಾಗಿ ಓದಿದರು. ಗರ್ಭಿಣಿಯಾದ ಹೆಂಗಸಿಗೆ ಕೆಲಸಕ್ಕೆ ಹೋಗಲಾಗದೆ ಆಗುವ ಕೂಲಿ ನಷ್ಟಕ್ಕೆ ಭಾಗಶಃ ಪರಿಹಾರವಾಗಿ ಈ ಹಣ. ಮೊದಲ ಜೀವಂತ ಮಗುವಿನ ಹೆರಿಗೆಗೆ ಮುಂಚೆ ಮತ್ತು ಅನಂತರ ಆಕೆ ಸಾಕಷ್ಟು ವಿಶ್ರಾಂತಿ ಪಡೆಯಲಿ ಎಂಬುದು ಉದ್ದೇಶ.

ಎಲೆ ಕತ್ತರಿಸುತ್ತಿದ್ದ ಕತ್ತರಿ ನಿಂತಿತು.

"ಇನ್ನೊಮ್ಮೆ ಓದಿ," ಎಂದಳು ನಫೀಸಮ್ಮ.

ಲೋಲಾಕ್ಷಿ ಇನ್ನೊಮ್ಮೆ ಓದಿದರು.

"ವಿಶ್ರಾಂತಿಗೆ ಕೂಲಿಯಾ?"

"ಹಾಗೇ ಅಂದ್ಕೊಳ್ಳಿ. ಸರ್ಕಾರಿ ನೌಕರಿಯವರಿಗೆ, ದೊಡ್ಡ ಕಂಪೆನಿಯವರಿಗೆ ಹೆರಿಗೆ ರಜೆ ಉಂಟು, ಸಂಬಳವೂ ಉಂಟು. ಇವಳ ಹಾಗೆ ಐದು ಮೆಷಿನಿನ ಅಂಗಡಿಯಲ್ಲಿ ಇರುವವರಿಗೆ ಯಾರು ಕೊಡ್ತಾರೆ? ಅದಕ್ಕೆ ಇದು."

ನಫೀಸಮ್ಮ ಕತ್ತರಿಯನ್ನು ಮೊರದಲ್ಲಿ ಇಟ್ಟಳು. ಬಳಿಕ ಕೇಳಿದಳು: "ಮೊದಲ ಮಗು ಅಂತ ಉಂಟಾ, ಮೊದಲ ಜೀವಂತ ಮಗು ಅಂತ ಉಂಟಾ?"

"ಜೀವಂತ ಅಂತಲೇ ಉಂಟು. ಮೊದಲನೆಯದು ಹೊಟ್ಟೆಯಲ್ಲೇ ಹೋದರೆ, ಇಲ್ಲ ಸತ್ತು ಹುಟ್ಟಿದರೆ, ಮುಂದಿನ ಸಲ ಪುನಃ ಅರ್ಜಿ ಹಾಕ್ಲಿಕ್ಕಾಗ್ತದೆ."

"ಅದನ್ನೂ ಯೋಚನೆ ಮಾಡಿದ್ದಾರಾ?"

"ಮಾಡಿದ್ದಾರೆ."

"ಎಲ್ಲಿ ಬರೆದಿದೆ, ತೋರಿಸಿ."

ನಫೀಸಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಲೋಲಾಕ್ಷಿ ಸಾಲಿನ ಅಡಿಯಲ್ಲಿ ಬೆರಳಿಟ್ಟು ತೋರಿಸಿದರು. ನಫೀಸಮ್ಮ ಹೊಗೆಸೊಪ್ಪಿನ ಪುಡಿ ಹತ್ತಿದ ತನ್ನ ಬೆರಳನ್ನು ಬಟ್ಟೆಗೆ ಎರಡು ಸಲ ಒರೆಸಿ, ಆ ಸಾಲಿನ ಮೇಲೆ ಮೆಲ್ಲನೆ ಇಟ್ಟಳು. ಕುರಾನ್ ಓದುವಾಗ ಅವಳು ಸಾಲಿನ ಮೇಲೆ ಬೆರಳಿಡುತ್ತಿದ್ದುದು ಹಾಗೆಯೇ.

"ಇದನ್ನು ಬರೆದವರು ಹೆಂಗಸಾ, ಗಂಡಸಾ?"

"ದೆಹಲಿಯಲ್ಲಿ ಯಾರು ಬರೆದರೋ, ನನಗೆ ಹೇಗೆ ಗೊತ್ತು ಮಾರಾಯ್ತಿ!"

"ಯಾರಾದರೂ ಆಗಲಿ. ಅವರಿಗೆ ಗೊತ್ತುಂಟು."

"ಎಂತ ಗೊತ್ತುಂಟು?"

ನಫೀಸಮ್ಮ ಸೊಸೆಯ ಕಡೆ ತಿರುಗಿ, ಮಗಳನ್ನು ಕರೆದ ಹಾಗೆ, "ಮೋಳೇ, ಕಾರ್ಡ್ ತಾ," ಎಂದಳು.

ಅರ್ಜಿಗೆ ಹಫ್ಸಳ ಮುಖವನ್ನು ಟೀಚರ ಮೊಬೈಲಿನಲ್ಲಿ ಹಿಡಿಯಬೇಕಿತ್ತು. ಜಗಲಿಯ ನೆರಳಿನಲ್ಲಿ ಅದು ಹಿಡಿಯಲಿಲ್ಲ. ಅಂಗಳಕ್ಕೆ ಇಳಿದು ಬಿಸಿಲಿನಲ್ಲಿ ನಿಲ್ಲಿಸಿ, ಕಣ್ಣು ಮಿಟುಕಿಸು ಎಂದರು. ಮೂರನೆಯ ಸಲ ಮಿಟುಕಿಸಿದಾಗ ಆಯಿತು. ನಫೀಸಮ್ಮ ಮೊರ ಬದಿಗಿಟ್ಟು, ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡುತ್ತಿದ್ದಳು.

ಹಫ್ಸ ಕೆಲಸ ಬಿಡುವ ಯೋಚನೆ ಮಾಡಿರಲಿಲ್ಲ. ಯೂನಿಫಾರ್ಮ್ ಹೊಲಿಗೆಯ ಕಾಲ ಏಪ್ರಿಲ್‌ನಿಂದ ಜೂನ್‌ವರೆಗೆ. ವರ್ಷದ ಸಂಪಾದನೆ ಬರುವುದೇ ಆಗ. ಅವಳ ಗಂಡ ಇರ್ಷಾದ್ ದ್ವಿಚಕ್ರ ವಾಹನದ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆ ಮನೆಗೆ ಮೀನು ಮಾರುವವನು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಅವನ ಪೆಟ್ಟಿಗೆ ಹೆಚ್ಚು ಕಡಿಮೆ ಖಾಲಿ. ಎಂಟನೆಯ ತಿಂಗಳವರೆಗೆ ಹೇಗಾದರೂ ಮೆಷಿನ್ ಮೇಲೆ ಕೂರುವ ಎಂದು ಅವಳು ನಿರ್ಧರಿಸಿದ್ದಳು.

ಮುಂದಿನ ಮಂಗಳವಾರ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ರಕ್ತ ಎಂಟೇ ಉಂಟು. ಕಾಲೂ ಊದಿದೆ. ಮಾತ್ರೆ ತಪ್ಪಿಸಬೇಡ. ಮತ್ತೆ ರೆಸ್ಟ್ ಬೇಕು, ಗೊತ್ತಾಯ್ತಾ? ದಿನವಿಡೀ ಕೂತು ಹೊಲಿಯುವುದು ಕಡಿಮೆ ಮಾಡು."

ಮನೆಗೆ ಹೋಗುವ ಬಸ್ಸಿಗೆ ಕಾಯುತ್ತಿರುವಾಗ ನಫೀಸಮ್ಮ ಕೇಳಿದಳು: "ಟೀಚರ್ ನಿನ್ನ ಮುಖ ಹಿಡಿದು ಎಷ್ಟು ದಿನವಾಯಿತು?"

"ನಾಲ್ಕು ದಿನ."

"ಮತ್ತೆ ನೀನು ಶನಿವಾರ ಕೆಲಸಕ್ಕೆ ಹೋದೆ. ಆದಿತ್ಯವಾರ ಹೋದೆ. ನಿನ್ನೆ ಹೋದೆ."

"ದುಡ್ಡು ಇನ್ನೂ ಬರಲಿಲ್ಲವಲ್ಲ ಉಮ್ಮಾ."

"ನಾನು ಬೀಡಿ ಕಟ್ಟಿ ಕೊಟ್ಟ ಮೇಲೆ ಕೂಲಿ ಬರ್ತದೆ. ಕೂಲಿ ಬಂದ ಮೇಲೆ ಕಟ್ಟುವುದಲ್ಲ."

ಹಫ್ಸಳಿಗೆ ನಗು ಬಂತು. ಅತ್ತೆ ನಗುತ್ತಿರಲಿಲ್ಲ.

"ವಿಶ್ರಾಂತಿಗೆ ಅಂತ ಹೇಳಿ ಅರ್ಜಿ ಹಾಕಿದ್ದೀ. ವಿಶ್ರಾಂತಿ ಮಾಡದೆ ಆ ದುಡ್ಡು ತಿಂದರೆ ಅದು ಹಲಾಲ್ ಆಗ್ತದಾ? ಬ್ರಾಂಚಿನಲ್ಲಿ ಇಪ್ಪತ್ತೈದರ ಕಟ್ಟಿನಲ್ಲಿ ಇಪ್ಪತ್ತಮೂರು ಇಟ್ಟು ಕೊಟ್ಟ ಹಾಗೆ."

ಬಂದ ಬಸ್ಸು ಅವರ ಊರಿನದ್ದಾಗಿರಲಿಲ್ಲ, ಬಿ.ಸಿ. ರೋಡಿನದ್ದು. ನಫೀಸಮ್ಮ ಸೊಸೆಯ ಕೈ ಹಿಡಿದು ಅದನ್ನೇ ಹತ್ತಿದಳು.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ ನಫೀಸಮ್ಮನನ್ನು ಕಂಡು ಝುಬೈರ್ ಎದ್ದು ನಿಂತರು. ಕುರ್ಚಿ ಎಳೆದು ಕೊಟ್ಟರು. ಅವಳು ಕೂರಲಿಲ್ಲ.

"ನಾಳೆಯಿಂದ ಇವಳು ಬರುವುದಿಲ್ಲ ಝುಬೈರ್. ಬೇರೆ ಕೆಲಸ ಉಂಟು."

"ಎಲ್ಲಿ ನಫೀಸಮ್ಮ? ಮಂಗಳೂರಿನಲ್ಲಾ?"

"ಮನೆಯಲ್ಲೇ. ವಿಶ್ರಾಂತಿಯ ಕೆಲಸ. ಸರ್ಕಾರದ್ದು."

ಉಳಿದ ನಾಲ್ಕು ಮೆಷಿನುಗಳ ಹುಡುಗಿಯರು ಬಾಯಿಗೆ ಬಟ್ಟೆ ಹಿಡಿದು ನಕ್ಕರು. ಝುಬೈರ್ ಕೂಡ ನಗಲು ಹೊರಟವರು ಆ ಮುಖ ನೋಡಿ ತಡೆದರು. "ನಾನು ಕೆಟ್ಟವನಲ್ಲ ನಫೀಸಮ್ಮ. ಇವಳ ಮೆಷಿನ್ ಬೇರೆಯವರಿಗೆ ಕೊಡುವುದಿಲ್ಲ, ಯಾವಾಗ ಬಂದರೂ ಉಂಟು. ಆದರೆ ಬಾರದ ತಿಂಗಳಿಗೆ ಸಂಬಳ ಕೊಡ್ಲಿಕ್ಕೆ ನನ್ನ ಹತ್ತಿರ ಎಲ್ಲಿಂದ? ಬಾಡಿಗೆ ಕೊಟ್ಟರೆ ಕರೆಂಟಿಗಿಲ್ಲ."

"ನಿನ್ನ ಹತ್ತಿರ ಯಾರು ಕೇಳಿದರು? ನಿನಗೆ ಆಗುವುದಿಲ್ಲ ಅಂತಲೇ ಅವರು ಕೊಡುವುದು," ಎಂದು ಹೇಳಿ ನಫೀಸಮ್ಮ ಮೆಟ್ಟಿಲು ಇಳಿದಳು. ಹಫ್ಸ ನಾಚಿಕೆಯಿಂದ ತಲೆ ತಗ್ಗಿಸಿ ಹಿಂಬಾಲಿಸಿದಳು.

ಹಾಗೆ ಹಫ್ಸಳ ಹೊಸ ಕೆಲಸ ಶುರುವಾಯಿತು. ನಫೀಸಮ್ಮ ಅದರ ಮೇಲ್ವಿಚಾರಕಿ. ಬೆಳಿಗ್ಗೆ ನುಗ್ಗೆಸೊಪ್ಪಿನ ಪಲ್ಯ, ನಾಲ್ಕು ಖರ್ಜೂರ, ಕಬ್ಬಿಣದ ಮಾತ್ರೆ. ಮಧ್ಯಾಹ್ನದ ನಮಾಜಿನ ಬಳಿಕ ಎಡ ಮಗ್ಗುಲಿಗೆ ಮಲಗಬೇಕು, ನರ್ಸ್ ಹೇಳಿದ್ದು ಹಾಗೆ. ಬಲಕ್ಕೆ ಹೊರಳಿದರೆ ಜಗಲಿಯಿಂದ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು. ಬಾವಿಯ ಕೊಡ ಮುಟ್ಟುವಂತಿಲ್ಲ. ನೆರೆಯವರು ಯಾರಾದರೂ ಬಂದು ಹಫ್ಸ ಎಲ್ಲಿ ಎಂದು ಕೇಳಿದರೆ ನಫೀಸಮ್ಮ ದನಿ ತಗ್ಗಿಸಿ ಹೇಳುತ್ತಿದ್ದಳು: "ಅವಳು ಕೆಲಸದಲ್ಲಿದ್ದಾಳೆ. ಈಗ ಕರೆಯಬೇಡಿ."

ಮೊದಲ ವಾರ ಹಫ್ಸಳಿಗೆ ಮುಜುಗರವಾಯಿತು. ಎರಡನೆಯ ವಾರ ಬೇಸರ. ಮಲಗಿದರೂ ಕಾಲು ಪೆಡಲ್ ತುಳಿಯುವ ಹಾಗೆ ಅಲುಗುತ್ತಿತ್ತು. ಸುಮ್ಮನಿರುವುದು ಇಷ್ಟು ಕಷ್ಟದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಐದನೆಯ ತಿಂಗಳು ನಡೆಯುತ್ತಿದ್ದ ಒಂದು ಮಧ್ಯಾಹ್ನ, ಹಾಗೆ ಎಡ ಮಗ್ಗುಲಿಗೆ ಮಲಗಿದ್ದಾಗ, ಒಳಗಿನಿಂದ ಯಾರೋ ಬೆರಳ ತುದಿಯಲ್ಲಿ ತಟ್ಟಿದ ಹಾಗಾಯಿತು. ಅವಳು ಉಸಿರು ಬಿಗಿ ಹಿಡಿದಳು. ಪುನಃ ತಟ್ಟಿತು. ಮೆಷಿನಿನ ಸದ್ದಿನಲ್ಲಿ, ಆ ಅದುರಾಟದಲ್ಲಿ ಇದು ತನಗೆ ತಿಳಿಯುತ್ತಲೇ ಇರಲಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು. ಅತ್ತೆಯನ್ನು ಕೂಗಿ ಹೇಳಿದಳು. ನಫೀಸಮ್ಮ ಬಂದು ಹೊಟ್ಟೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಕುಳಿತಳು. ಬಹಳ ಹೊತ್ತು ಹಾಗೆಯೇ ಇದ್ದಳು.

ದುಡ್ಡು ಮಾತ್ರ ಬರಲಿಲ್ಲ. ಮೇ ಹೋಯಿತು, ಮಳೆ ಹಿಡಿಯಿತು. ಲೋಲಾಕ್ಷಿ ಟೀಚರ್ ಕೊಡೆ ಹಿಡಿದು ಬಂದು ವಿಷಯ ಹೇಳಿದರು. ಅರ್ಜಿ ಪಾಸಾಗಿದೆ, ಆದರೆ ಹಫ್ಸಳ ಆಧಾರ್ ಜೋಡಣೆಯಾಗಿರುವುದು ಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆಂದು ತೆರೆದಿದ್ದ ಹಳೆಯ ಖಾತೆಗೆ. ಆ ಖಾತೆ ವರ್ಷಗಳಿಂದ ನಿಂತುಹೋಗಿದೆ, ದುಡ್ಡು ಅಲ್ಲಿಗೆ ಹೋಗಿ ಹಿಂದೆ ಬಂದಿದೆ. ಇರ್ಷಾದ್ ಹೆಂಡತಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಜೋಡಣೆ ಬದಲಿಸಿಕೊಂಡು ಬಂದ. ಇನ್ನು ಪುನಃ ಕಾಯಬೇಕು ಎಂದರು ಟೀಚರ್.

ಮನೆಯಲ್ಲಿ ಮೀನಿನ ದುಡ್ಡೂ ಇಲ್ಲ, ಹೊಲಿಗೆಯ ದುಡ್ಡೂ ಇಲ್ಲ. ನಫೀಸಮ್ಮ ದಿನಕ್ಕೆ ಇನ್ನೂರು ಬೀಡಿ ಹೆಚ್ಚು ಕಟ್ಟತೊಡಗಿದಳು. ಮಳೆಗಾಲದ ಮಂಕು ಬೆಳಕಿನಲ್ಲಿ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಕತ್ತರಿಸುವ ಅತ್ತೆಯನ್ನು ನೋಡುತ್ತಾ ಮಲಗುವುದು ಹಫ್ಸಳಿಗೆ ಕೊನೆಗೂ ಆಗಲಿಲ್ಲ. ಗುಟ್ಟಾಗಿ ಝುಬೈರ್‌ಗೆ ಫೋನ್ ಮಾಡಿದಳು. ಹೊಲಿದ ಅಂಗಿಗಳಿಗೆ ಕೈಯಲ್ಲಿ ಗುಂಡಿ ಹಾಕುವ ಕೆಲಸವನ್ನು ಅವರು ಕೊಟ್ಟರು. ಇರ್ಷಾದ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಟ್ಟ. ನಫೀಸಮ್ಮ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೋಗುವ ದಿನ ಸಿಗುವ ಎರಡು ಗಂಟೆಯಲ್ಲಿ ಹಫ್ಸ ಗುಂಡಿ ಹಾಕಿ ಚೀಲವನ್ನು ಮಂಚದ ಅಡಿಗೆ ತಳ್ಳುತ್ತಿದ್ದಳು.

ಜುಲೈಯಲ್ಲಿ ಒಂದು ದಿನ ರಸ್ತೆಗೆ ನೀರು ಬಂದು ಬ್ರಾಂಚ್ ತೆರೆದಿರಲಿಲ್ಲ. ನಫೀಸಮ್ಮ ಅರ್ಧ ಗಂಟೆಯಲ್ಲೇ ಹಿಂದೆ ಬಂದಳು. ಹಫ್ಸಳ ಸುತ್ತ ಬಿಳಿ ಅಂಗಿಗಳು ಹರಡಿಕೊಂಡಿದ್ದವು, ಸೂಜಿ ಕೈಯಲ್ಲೇ ಇತ್ತು.

ಬೈಗುಳ ಬರುತ್ತದೆ ಎಂದು ಹಫ್ಸ ಕಾದಳು. ಬರಲಿಲ್ಲ. ನಫೀಸಮ್ಮ ಒದ್ದೆಯಾದ ತಲೆಬಟ್ಟೆ ಹಿಂಡಿ ಹಾಕಿ, ಬೀಡಿಯ ಚೀಲವನ್ನು ಬೆಚ್ಚಗಿನ ಜಾಗದಲ್ಲಿ ಇಟ್ಟು, ಬಂದು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಇವತ್ತು ಮಗು ಅಲುಗಾಡಿತಾ?"

ಹಫ್ಸ ಯೋಚಿಸಿದಳು. "ಬೆಳಿಗ್ಗೆ ಅಲುಗಾಡಿದ ಹಾಗಿತ್ತು. ಆಮೇಲೆ... ನೆನಪಿಲ್ಲ ಉಮ್ಮಾ."

"ಸೂಜಿ ಕೆಳಗಿಡು. ಮಲಗು. ಎಡಕ್ಕೆ."

ಹಫ್ಸ ಮಲಗಿದಳು. ಹೊರಗೆ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಹತ್ತು ನಿಮಿಷ ಕಳೆದಿರಬೇಕು, ಮಗು ಒಳಗಿನಿಂದ ಜೋರಾಗಿ ಒದೆಯಿತು. ಹಫ್ಸ "ಆಯ್ತು" ಎಂದಳು. ನಫೀಸಮ್ಮ ಉಸಿರು ಬಿಟ್ಟಳು. ಆಮೇಲೆ, ಸೊಸೆಯ ಮುಖ ನೋಡದೆ, ಬಾಗಿಲ ಕಡೆ ನೋಡುತ್ತಾ ಹೇಳಲು ಶುರು ಮಾಡಿದಳು.

"ಇರ್ಷಾದನಿಗಿಂತ ಮೊದಲು ಮೂರು ಹೆಣ್ಣುಮಕ್ಕಳು ಅಂತ ನಿನಗೆ ಗೊತ್ತು. ಅವರಿಗಿಂತ ಮೊದಲು ಒಂದು ಇತ್ತು. ಅದೂ ಹೆಣ್ಣೇ. ನನಗೆ ಹದಿನೆಂಟು ವರ್ಷ. ಮಾವ ಹಾಸಿಗೆ ಹಿಡಿದಿದ್ದರು. ಇರ್ಷಾದನ ತಂದೆ ಶುಕೂರ್‌ಗೆ ದೋಣಿಯಲ್ಲಿ ಮರಳು ತೆಗೆಯುವ ಕೆಲಸ, ಮಳೆಗೆ ಅದೂ ನಿಂತಿತ್ತು. ಬೀಡಿಯಿಂದಲೇ ಮನೆ ನಡೆಯಬೇಕು. ಎಂಟು ತಿಂಗಳಾಗಿತ್ತು ನನಗೆ. ಬೆಳಕು ಹರಿಯುವಾಗ ಮೊರ ಹಿಡಿದು ಕೂತರೆ ಕತ್ತಲಾಗುವವರೆಗೆ. ಬೆನ್ನು ನೋಯುತ್ತಿತ್ತು. ಕೂತದ್ದಕ್ಕೆ ನೋವು ಅಂದ್ಕೊಂಡೆ. ಎರಡು ದಿನ ಮಗು ಅಲುಗಾಡಲಿಲ್ಲ."

ಅವಳು ನೆಲಕ್ಕೆ ಬಿದ್ದಿದ್ದ ಒಂದು ಗುಂಡಿಯನ್ನು ಹೆಕ್ಕಿ ಅಂಗಿಗಳ ಮೇಲೆ ಇಟ್ಟಳು.

"ಅಲುಗಾಡಲಿಲ್ಲ ಅಂತ ನನಗೆ ಗೊತ್ತೇ ಆಗಲಿಲ್ಲ ಮೋಳೇ. ಸುಮ್ಮನೆ ಮಲಗಿದ್ದರೆ ಗೊತ್ತಾಗುತ್ತಿತ್ತು. ಕೈ ಓಡುತ್ತಾ ಇತ್ತು. ಮೂರನೇ ದಿನ ಹೆರಿಗೆಯಾಯಿತು. ತಲೆ ತುಂಬ ಕೂದಲು. ಉಗುರು ಕೂಡ ಬಂದಿತ್ತು. ಒಂಬತ್ತನೇ ದಿನ ನಾನು ಪುನಃ ಮೊರ ಹಿಡಿದು ಕೂತೆ."

"ಅದು ನಿಮ್ಮಿಂದ ಆದದ್ದಲ್ಲ ಉಮ್ಮಾ," ಎಂದಳು ಹಫ್ಸ. "ಡಾಕ್ಟರ್ ಇರಲಿಲ್ಲ, ಏನಿರಲಿಲ್ಲ."

"ಇರಬಹುದು. ಅಲ್ಲಾಹನಿಗೆ ಗೊತ್ತು. ಯಾರೂ ಕೆಟ್ಟವರಾಗಿರಲಿಲ್ಲ, ಅದನ್ನೂ ಹೇಳ್ತೇನೆ. ನನ್ನ ಅತ್ತೆ ಗಂಜಿ ಬಿಸಿ ಮಾಡಿ ಕೊಡುತ್ತಿದ್ದರು. ಶುಕೂರ್ ಅತ್ತರು. ಆದರೆ 'ನಫೀಸಾ, ಮಲಗು' ಅಂತ ಒಬ್ಬರಿಗೂ ಹೇಳ್ಲಿಕ್ಕೆ ತೋಚಲಿಲ್ಲ. ಆ ಮಾತು ಆಗ ಇರಲೇ ಇಲ್ಲ. ನನಗೆ ಈ ಐದು ಸಾವಿರ ದೊಡ್ಡದಲ್ಲ ಮೋಳೇ. ಐದು ಸಾವಿರಕ್ಕೆ ಈಗ ಎಂತ ಬರ್ತದೆ? ಆ ಮಾತು ದೊಡ್ಡದು. ಹೊಟ್ಟೆಯಲ್ಲಿ ಮಗು ಇರುವ ಹೆಂಗಸು ಸುಮ್ಮನೆ ಮಲಗಿದರೆ ಅದೂ ದುಡಿಮೆ, ಅದಕ್ಕೂ ಕೂಲಿ ಉಂಟು ಅಂತ ಯಾರೋ ಒಬ್ಬರು ನಮ್ಮನ್ನು ನೋಡದೆಯೇ ಬರೆದಿದ್ದಾರೆ. ಸತ್ತದ್ದು ಇರ್ತದೆ, ಬದುಕಿದ್ದು ಇರ್ತದೆ, ಅಂತ ಕೂಡ ಬರೆದಿದ್ದಾರೆ. ಟೀಚರ್ ಓದಿದ ದಿನದಿಂದ ನನಗೆ ಅದೇ. ಎಲೆ ಕತ್ತರಿಸುವಾಗಲೂ ಅದೇ, ನಮಾಜಿಗೆ ನಿಂತರೂ ಅದೇ. ನಲವತ್ತನಾಲ್ಕು ವರ್ಷ ನನಗೊಬ್ಬಳಿಗೇ ಗೊತ್ತು ಅಂದ್ಕೊಂಡದ್ದು ಅವರಿಗೆ ಹೇಗೆ ಗೊತ್ತಾಯಿತು?"

ಹಫ್ಸ ಎದ್ದು ಕೂರಲು ಹೋದಳು. ನಫೀಸಮ್ಮ ಕೈ ಅಡ್ಡ ಹಿಡಿದು ಮಲಗಿಸಿದಳು.

ಆ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಅತ್ತೆಯನ್ನು ಹಫ್ಸ ಕಡಿಮೆ ಮಾತಿನ, ಜಿಗುಟು ಸ್ವಭಾವದ ಹೆಂಗಸು ಎಂದಷ್ಟೇ ತಿಳಿದಿದ್ದಳು. ಈಗ ನೆಲದ ಮೇಲೆ ಮಂಡಿ ಮಡಚಿ ಕುಳಿತ ಆ ಸಣ್ಣ ದೇಹವನ್ನು ನೋಡುತ್ತಿದ್ದರೆ ಅವಳಿಗೆ ಬೆಟ್ಟದ ಬುಡದಲ್ಲಿ ನಿಂತ ಹಾಗಾಯಿತು. ಇಷ್ಟನ್ನು ಹೊತ್ತುಕೊಂಡು ಇವರು ನಾಲ್ಕು ಮಕ್ಕಳನ್ನು ಹೆತ್ತರು, ಬೆಳೆಸಿದರು, ಮದುವೆ ಮಾಡಿಸಿದರು. ಒಂದು ದಿನವೂ ಒಬ್ಬರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ಕಾಗದದ ಎರಡು ಸಾಲಿಗೆ ಇಷ್ಟು ಬೆಲೆ ಕೊಡಲು ಎಷ್ಟು ದೊಡ್ಡ ಮನಸ್ಸು ಬೇಕು!

"ಇರ್ಷಾದ್‌ಗೆ ಗೊತ್ತುಂಟಾ?"

"ಇಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಸಂಜೆ ಇರ್ಷಾದ್ ಬಂದಾಗ ಅಂಗಿಗಳ ಚೀಲ ಬಾಗಿಲಲ್ಲೇ ಕಟ್ಟಿಟ್ಟಿತ್ತು. ನಾಳೆ ಬೆಳಿಗ್ಗೆಯೇ ಝುಬೈರಿಗೆ ಕೊಟ್ಟು ಬಾ ಎಂದು ಹಫ್ಸಳೇ ಹೇಳಿದಳು. ಮರುದಿನದಿಂದ ಅವಳು ಕೆಮ್ಮು ಕೇಳಿಸುವವರೆಗೆ ಕಾಯಲಿಲ್ಲ. ಅತ್ತೆ ಬೀಡಿ ಕಟ್ಟುವಷ್ಟೇ ನಿಷ್ಠೆಯಿಂದ ವಿಶ್ರಾಂತಿ ಮಾಡಿದಳು. ದಿನಕ್ಕೆ ಎರಡು ಸಲ ಮಗುವಿನ ಅಲುಗಾಟ ಎಣಿಸಿ ಅತ್ತೆಗೆ ವರದಿ ಕೊಟ್ಟಳು. ಆಗಸ್ಟಿನಲ್ಲಿ ರಕ್ತ ಹತ್ತೂವರೆಗೆ ಬಂದಿತ್ತು. ಡಾಕ್ಟರಮ್ಮ ಕಾರ್ಡನ್ನು ಎರಡು ಸಲ ನೋಡಿ, "ಎಂತ ಮಾಡಿದೆ?" ಎಂದು ಕೇಳಿದರು. "ಇವರು ಮಾಡಿಸಿದ್ದು," ಎಂದು ಹಫ್ಸ ಅತ್ತೆಯನ್ನು ತೋರಿಸಿದಳು. ನಫೀಸಮ್ಮ ಸೀಲಿಂಗ್ ಫ್ಯಾನ್ ನೋಡುತ್ತಾ ನಿಂತಳು.

ಮೊದಲ ಕಂತಿನ ಮೂರು ಸಾವಿರ ಬಂದದ್ದು ಸೆಪ್ಟೆಂಬರಿನ ಮೊದಲ ವಾರ. ಇರ್ಷಾದ್ ಮೊಬೈಲಿನ ಸಂದೇಶ ಓದಿದ.

"ಯಾರ ಹೆಸರಿಗೆ ಬಂದದ್ದು?" ಎಂದು ನಫೀಸಮ್ಮ ಕೇಳಿದಳು.

"ಹಫ್ಸಳ ಹೆಸರಿಗೇ ಉಮ್ಮಾ. ಅವಳ ಖಾತೆಗೇ."

"ಬರಲೇಬೇಕು. ಅವಳು ದುಡಿದದ್ದು," ಎಂದಳು ನಫೀಸಮ್ಮ. ಅವಳ ಕಣ್ಣು ಹೊಳೆಯುತ್ತಿತ್ತು. ಆ ದುಡ್ಡು ಕೂಸಿನ ಬಟ್ಟೆಗೆ, ಒಂದು ಸೊಳ್ಳೆಪರದೆಗೆ, ಆಸ್ಪತ್ರೆಯ ಓಡಾಟಕ್ಕೆ ಎಂದು ಹತ್ತು ದಿನದಲ್ಲಿ ಮುಗಿದು ಹೋಯಿತು.

ಹದಿನೇಳನೆಯ ತಾರೀಕು ಬೆಳಗಿನ ನಮಾಜಿನ ಹೊತ್ತಿಗೆ ನೋವು ಶುರುವಾಯಿತು. ಬಂಟ್ವಾಳದ ತಾಲೂಕು ಆಸ್ಪತ್ರೆಗೆ ಹೋದರು. ಹನ್ನೊಂದು ಗಂಟೆಗೆ ಹೆರಿಗೆ ಕೋಣೆಯಿಂದ ಮಗುವಿನ ಅಳು ಕೇಳಿಸಿದಾಗ ಬೆಂಚಿನಲ್ಲಿ ಕುಳಿತಿದ್ದ ನಫೀಸಮ್ಮ ಎದ್ದು ನಿಂತಳು. ನರ್ಸ್ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ಗಂಡು ಮಗು. ಎರಡು ಕಿಲೋ ಒಂಬೈನೂರು," ಎಂದಳು. ನಫೀಸಮ್ಮ ಕೂಡಲೇ ಕೈ ಚಾಚಲಿಲ್ಲ. ಬಟ್ಟೆಯ ತುದಿ ಸರಿಸಿ ಮೊದಲು ಅದರ ಎದೆ ಏರಿ ಇಳಿಯುವುದನ್ನು ನೋಡಿದಳು. ಬಳಿಕ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ತಾನೇ ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು, ಮೊಮ್ಮಕ್ಕಳನ್ನು ಕಂಡವಳು, ಮಗು ಎಂಬುದನ್ನು ಮೊತ್ತಮೊದಲು ನೋಡುತ್ತಿರುವವಳ ಹಾಗೆ ನಿಂತಿದ್ದಳು. "ಸುಬ್‌ಹಾನಲ್ಲಾಹ್," ಎಂದು ಅವಳು ಪಿಸುಗುಟ್ಟಿದ್ದು ನರ್ಸಿಗೆ ಮಾತ್ರ ಕೇಳಿಸಿತು.

ಡಿಸೆಂಬರಿನ ಕೊನೆಗೆ ಮಗುವಿನ ಮೊದಲ ಸುತ್ತಿನ ಚುಚ್ಚುಮದ್ದುಗಳು ಮುಗಿದವು. ಲೋಲಾಕ್ಷಿ ಟೀಚರ್ ಎರಡನೆಯ ಕಂತಿಗೆ ಬರೆದುಕೊಂಡು ಹೋದರು. ಹೋಗುವ ಮೊದಲು ನಫೀಸಮ್ಮ ಅವರನ್ನು ತಡೆದು ಕೇಳಿದಳು: "ಹೆರಿಗೆಯ ಅನಂತರದ ವಿಶ್ರಾಂತಿ ಅಂತ ಉಂಟಲ್ಲ, ಎಷ್ಟು ದಿನ ಅಂತ ಉಂಟಾ?"

"ದಿನ ಹಾಕಲಿಲ್ಲ ನಫೀಸಮ್ಮ. 'ಸಾಕಷ್ಟು' ಅಂತ ಮಾತ್ರ ಉಂಟು."

"ಹಾಗಾದರೆ ಎಷ್ಟು ಸಾಕು ಅಂತ ನಾವೇ ಹೇಳಬೇಕು," ಎಂದಳು ನಫೀಸಮ್ಮ. ಯುಗಾದಿಯವರೆಗೆ ಕಾಯಬೇಕು ಎಂದು ಝುಬೈರ್‌ಗೆ ಹೇಳಿ ಕಳುಹಿಸಿದಳು.

ಆ ವಾರವೇ ಹಫ್ಸ ಗಂಡನಿಗೆ ವಿಷಯ ಹೇಳಿದಳು. ಹೇಳಲೇ ಎಂದು ಅತ್ತೆಯನ್ನು ಕೇಳಿಯೇ ಹೇಳಿದ್ದು. ನಫೀಸಮ್ಮ ಬೇಡವೆನ್ನಲಿಲ್ಲ. ತನಗೊಬ್ಬಳು ದೊಡ್ಡಕ್ಕ ಇದ್ದಳು ಎಂದು ಕೇಳಿ ಮೀನಿನ ಪೆಟ್ಟಿಗೆ ತೊಳೆಯುತ್ತಿದ್ದ ಇರ್ಷಾದ್ ನೀರು ಸುರಿಯುವುದನ್ನೇ ಮರೆತು ಕುಳಿತಿದ್ದ. ಬಳಿಕ ಒಳಗೆ ಬಂದು ತಾಯಿಯ ಎದುರು ಕೂತ.

"ಅವಳನ್ನು ಎಲ್ಲಿ ಮಣ್ಣು ಮಾಡಿದ್ದು ಉಮ್ಮಾ?"

"ನಮ್ಮ ಪಳ್ಳಿಯಲ್ಲೇ."

ಶುಕ್ರವಾರ ಜುಮಾ ನಮಾಜು ಮುಗಿದು ಜನ ಚದುರಿದ ಮೇಲೆ ಅವರು ನಾಲ್ವರೂ ಮಸೀದಿಯ ಹಿಂದಿನ ಓಣಿಗೆ ಹೋದರು. ಖಬರ್‌ಸ್ಥಾನಕ್ಕೆ ಎದೆಯೆತ್ತರದ ಕೆಂಪು ಕಲ್ಲಿನ ಗೋಡೆ. ಒಳಗೆ ಹೆಂಗಸರು ಹೋಗುವ ರೂಢಿ ಇಲ್ಲ. ಹಫ್ಸ ಮಗುವನ್ನು ಎತ್ತಿಕೊಂಡು ಗೋಡೆಯ ಹೊರಗೆ ಅತ್ತೆಯ ಪಕ್ಕದಲ್ಲಿ ನಿಂತಳು. ಇರ್ಷಾದ್ ಚಪ್ಪಲಿ ಬಿಟ್ಟು ಒಳಗೆ ಹೋದ. ಒಳಗೆಲ್ಲ ಹುಲ್ಲು ಬೆಳೆದಿತ್ತು. ಗುರುತಿನ ಕಲ್ಲುಗಳಿದ್ದವು, ಇಲ್ಲದ ಜಾಗವೂ ಬಹಳವಿತ್ತು. ಅವನು ಎತ್ತ ಹೋಗುವುದೆಂದು ತಿಳಿಯದೆ ನಡುವೆ ನಿಂತು ತಿರುಗಿ ನೋಡಿದ.

"ಬಲಕ್ಕೆ ಹೋಗು," ಎಂದಳು ನಫೀಸಮ್ಮ. ದನಿ ಎತ್ತರಿಸಬೇಕಾಗಿರಲಿಲ್ಲ, ಅಷ್ಟು ನಿಶ್ಶಬ್ದವಿತ್ತು. "ಆ ಗೇರುಮರದ ಬುಡದಿಂದ ಈಚೆ. ಇನ್ನೂ ಸ್ವಲ್ಪ. ಎರಡು ಹೆಜ್ಜೆ."

ಹಫ್ಸ ಬೆರಗಾಗಿ ಅತ್ತೆಯ ಮುಖ ನೋಡಿದಳು. "ನೀವು ಒಳಗೆ ಹೋದವರಲ್ಲ ಉಮ್ಮಾ. ಹೇಗೆ ಗೊತ್ತು?"

"ಶುಕೂರ್ ಮಣ್ಣು ಮಾಡಿ ಬಂದ ದಿನ ಇಲ್ಲಿಗೆ ಕರೆದುಕೊಂಡು ಬಂದು ತೋರಿಸಿದರು. ಬ್ರಾಂಚಿಗೆ ಹೋಗುವ ದಾರಿ ಇದೇ ಅಲ್ಲವಾ? ಹೋಗುವಾಗಲೂ ನೋಡ್ತೇನೆ, ಬರುವಾಗಲೂ ನೋಡ್ತೇನೆ."

ನಲವತ್ತನಾಲ್ಕು ವರ್ಷ, ವಾರಕ್ಕೆ ಎರಡು ಸಲ, ತಲೆಯ ಮೇಲೆ ಬೀಡಿಯ ಚೀಲ. ಹಫ್ಸಳಿಗೆ ಅದನ್ನು ಲೆಕ್ಕ ಹಾಕಲಾಗಲಿಲ್ಲ.

"ಇಲ್ಲಿಯಾ ಉಮ್ಮಾ?" ಎಂದು ಇರ್ಷಾದ್ ಅಲ್ಲಿಂದ ಕೇಳಿದ.

"ಅಲ್ಲೇ."

ಅವನು ಬಗ್ಗಿ ಹುಲ್ಲನ್ನು ಕೈಯಿಂದ ಸರಿಸಿದ. ಬಳಿಕ ಎರಡೂ ಕೈ ಎತ್ತಿ ದುಆ ಮಾಡಲು ನಿಂತ. ಗೋಡೆಯ ಈಚೆ ನಫೀಸಮ್ಮನೂ ಕೈ ಎತ್ತಿದಳು. ಮಗು ಎಚ್ಚರವಾಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಜ್ಜಿಯ ಕಡೆ ನೋಡುತ್ತಿತ್ತು.